ಕುಂಡದಲ್ಲಿ ಟೊಮೆಟೊ, ಮೆಣಸಿನಕಾಯಿ: ಬಿಸಿಲಿಳಿದ ಮೇಲಿನ ಬೆಳೆ

ಪ್ರಶ್ನೆ: ನಾವಿರುವುದು ಸೆಕೆಯ ಜಾಗ. ಬೇಸಿಗೆ ಉದ್ದ, ಚಳಿ ಸ್ವಲ್ಪ ದಿನ ಮಾತ್ರ. ಬೇಸಿಗೆ ಮುಗಿದ ಮೇಲೆ ಕುಂಡದಲ್ಲಿ ಟೊಮೆಟೊ ಮತ್ತು ದೊಣ್ಣೆ ಮೆಣಸಿನಕಾಯಿ ಬೆಳೆಯುವ ಆಸೆ. ಬೀಜ ಯಾವಾಗ ಬಿತ್ತಬೇಕು?

ಉತ್ತರ: ಬೇಸಿಗೆ ಮುಗಿಯಲಿ ಎಂದು ಕಾಯುತ್ತಾ ಕೂತರೆ ತಡವಾಗುತ್ತದೆ. ಈ ಹಂಗಾಮಿನ ಲೆಕ್ಕವನ್ನು ಚಳಿಯಿಂದ ಹಿಂದಕ್ಕೆ ಹಾಕಬೇಕು. ರಾತ್ರಿಯ ಉಷ್ಣಾಂಶ ಸತತವಾಗಿ 12–13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುವುದು ನಿಮ್ಮಲ್ಲಿ ಯಾವ ವಾರದಿಂದ ಎಂದು ನೋಡಿ. ಅಲ್ಲಿಂದ ಮುಂದೆ ಹೊಸ ಕಾಯಿ ಕಟ್ಟುವುದು ಬಹುತೇಕ ನಿಲ್ಲುತ್ತದೆ, ಇರುವ ಕಾಯಿ ನಿಧಾನವಾಗಿ ಹಣ್ಣಾಗುತ್ತದೆ.

ನಾಟಿ ಮಾಡಿದ 65–75 ದಿನಕ್ಕೆ ಹಣ್ಣು ಕೊಡುವ ಗಿಡ್ಡ ತಳಿಯ ಟೊಮೆಟೊ ಆರಿಸಿ. ಹಗಲು ಚಿಕ್ಕದಾಗುತ್ತಾ ಹೋಗುವುದರಿಂದ ಅದಕ್ಕೆ ಎರಡು ವಾರ ಸೇರಿಸಿ. ಕೊಯ್ಲಿಗೆ ಎರಡು ಮೂರು ವಾರವಾದರೂ ಬೇಡವೇ? ಒಟ್ಟು ಚಳಿಗೆ 14 ವಾರ ಮೊದಲು ಸಸಿ ಕುಂಡದಲ್ಲಿರಬೇಕು. ಬೀಜದಿಂದ ಸಸಿಯಾಗಲು 4–5 ವಾರ. ದೊಣ್ಣೆ ಮೆಣಸಿನಕಾಯಿ ಇನ್ನೂ ನಿಧಾನ: ಸಸಿಗೇ 6–8 ವಾರ ಬೇಕು, ಹಸಿರು ಕಾಯಿ ಕೆಂಪಾಗಲು ಮತ್ತೆ 3–4 ವಾರ. ಅದನ್ನು ಟೊಮೆಟೊಗಿಂತ ಒಂದು ತಿಂಗಳು ಮೊದಲೇ ಬಿತ್ತಿ.

ಹೀಗಾಗಿ ಬೀಜ ಬೀಳುವುದು ಸುಡುಬಿಸಿಲಿನಲ್ಲಿ. ಎರಡೂ ಬೀಜ 25–30 ಡಿಗ್ರಿಯಲ್ಲಿ ಚೆನ್ನಾಗಿ ಮೊಳೆಯುತ್ತವೆ, 35 ದಾಟಿದರೆ ಮೊಳಕೆ ಕುಂಠಿತ. ಟ್ರೇಯನ್ನು ಮೊಳಕೆ ಬರುವವರೆಗೆ ನೆರಳಲ್ಲಿಡಿ. ಬಂದ ದಿನವೇ ಬೆಳಗಿನ ಬಿಸಿಲಿಗೆ ತನ್ನಿ, ಮಧ್ಯಾಹ್ನಕ್ಕೆ 50 ಪರ್ಸೆಂಟ್ ಶೇಡ್ ನೆಟ್ ಇರಲಿ. ಪೂರ್ತಿ ನೆರಳಲ್ಲೇ ಬಿಟ್ಟ ಸಸಿ ಎಳಸಾಗಿ ಉದ್ದ ಬೆಳೆದು, ಹೊರಗೆ ತಂದ ಕೂಡಲೇ ಸುಟ್ಟು ಹೋಗುತ್ತದೆ.

ಚಳಿಗಾಲದಲ್ಲೂ ರಾತ್ರಿ 13 ಡಿಗ್ರಿಗಿಂತ ಇಳಿಯದ ಜಾಗವಾದರೆ ನಿಮಗೆ ಈ ಅವಸರವಿಲ್ಲ. ಆಗ ಒಂದೇ ಲೆಕ್ಕ: ರಾತ್ರಿಯ ಸೆಕೆ 22–23 ಡಿಗ್ರಿಗೆ ಇಳಿಯುವ ಹೊತ್ತಿಗೆ ಮೊದಲ ಹೂವು ಬರಬೇಕು. ಟೊಮೆಟೊ ನಾಟಿಯಾದ 4–5 ವಾರಕ್ಕೆ ಹೂ ಬಿಡುತ್ತದೆ.

ಪ್ರಶ್ನೆ: ಬೇಸಿಗೆಗೆ ಮೊದಲು ಹಾಕಿದ್ದ ಟೊಮೆಟೊ ಗಿಡಗಳು ಇನ್ನೂ ಹಸಿರಾಗಿವೆ, ಆದರೆ ಕಾಯಿಲ್ಲ. ಕಿತ್ತು ಹಾಕಲೇ?

ಉತ್ತರ: ಗಿಡ್ಡ ತಳಿಯಾಗಿದ್ದರೆ ಕಿತ್ತುಬಿಡಿ, ಅದರ ಕೆಲಸ ಮುಗಿದಿದೆ. ಬಳ್ಳಿಯಂತೆ ಬೆಳೆಯುತ್ತಲೇ ಹೋಗುವ ತಳಿಯಾಗಿದ್ದು ಎಲೆಗಳಲ್ಲಿ ಮುದುರು, ಹಳದಿ ಏನೂ ಇಲ್ಲದಿದ್ದರೆ ಅದರಿಂದಲೇ ಹೊಸ ಗಿಡ ಮಾಡಿಕೊಳ್ಳಿ. ಎಲೆಯ ಕಂಕುಳಲ್ಲಿ ಬರುವ ಚಿಗುರನ್ನು 12–15 ಸೆಂ.ಮೀ. ಉದ್ದ ಕತ್ತರಿಸಿ. ಕೆಳಗಿನ ಎಲೆ, ಹೂಮೊಗ್ಗು ತೆಗೆದು, ತೇವದ ತೆಂಗಿನ ನಾರಿನ ಪುಡಿ ಅಂದರೆ ಕೊಕೊಪೀಟ್‌ನಲ್ಲಿ ಅರ್ಧದವರೆಗೆ ಹೂತು ನೆರಳಲ್ಲಿಡಿ. ಮೊದಲೆರಡು ದಿನ ಸೋತು ಬಿದ್ದಂತೆ ಕಂಡರೂ 7–10 ದಿನದಲ್ಲಿ ಬೇರು ಬಿಡುತ್ತದೆ. ಬೀಜದಿಂದ ಬೆಳೆಸುವುದಕ್ಕಿಂತ ಮೂರು ವಾರವಾದರೂ ಉಳಿಯುತ್ತದೆ. ತಾಯಿ ಗಿಡದಲ್ಲಿ ವೈರಸ್ ಇದ್ದರೆ ಕಡ್ಡಿಯಲ್ಲೂ ಇರುತ್ತದೆ, ಸಂಶಯದ ಗಿಡದಿಂದ ಚಿಗುರು ತೆಗೆಯಲೇಬೇಡಿ.

ಹಳೆಯ ಮೆಣಸಿನ ಗಿಡಗಳನ್ನಂತೂ ಕೀಳಬೇಡಿ. ಮೂರನೇ ಒಂದು ಭಾಗ ಸವರಿ, ಮೇಲ್ಮಣ್ಣು ಸ್ವಲ್ಪ ಕೆರೆದು ತೆಗೆದು ಎರಡು ಹಿಡಿ ಎರೆಗೊಬ್ಬರ ಹಾಕಿ. ಬೇರು ಆಗಲೇ ಗಟ್ಟಿಯಿರುವುದರಿಂದ ಹೊಸ ಸಸಿಗಿಂತ ಮೊದಲೇ ಹೂವಿಗೆ ಬರುತ್ತವೆ.

ಪ್ರಶ್ನೆ: ಎಷ್ಟು ದೊಡ್ಡ ಕುಂಡ ಬೇಕು? ತಳಕ್ಕೆ ಜಲ್ಲಿ ಹಾಕಬೇಕೇ? ಮಣ್ಣಿನ ಮಿಶ್ರಣ ಹೇಗಿರಬೇಕು?

ಉತ್ತರ: ಗಿಡ್ಡ ಟೊಮೆಟೊಗೆ 20 ಲೀಟರ್, ಬಳ್ಳಿ ಟೊಮೆಟೊಗೆ 40 ಲೀಟರ್, ಮೆಣಸಿನ ಗಿಡಕ್ಕೆ 12–15 ಲೀಟರ್. ಒಂದು ಕುಂಡಕ್ಕೆ ಒಂದೇ ಗಿಡ. 20 ಲೀಟರಿಗೆ ಎರಡು ಟೊಮೆಟೊ ಹಾಕಿದರೆ ಎರಡರಿಂದ ಸೇರಿ ಬರುವ ಫಸಲು ಒಂದೇ ಗಿಡದಷ್ಟು, ನೀರು ಮಾತ್ರ ಎರಡು ಪಟ್ಟು.

ಜಲ್ಲಿ ಬೇಡ. ನುಣುಪು ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮಣ್ಣು ಪೂರ್ತಿ ನೆನೆಯುವವರೆಗೆ ಅದು ಜಲ್ಲಿಯ ಮೇಲೆಯೇ ನಿಲ್ಲುತ್ತದೆ, ಬೇರು ಅಷ್ಟು ಮೇಲಕ್ಕೇ ಕೊಳೆಯುತ್ತದೆ. ಅದರ ಬದಲು ತಳದಲ್ಲಿ 1 ಸೆಂ.ಮೀ. ಅಗಲದ 6–8 ತೂತು, ಬುಡದಿಂದ 2 ಸೆಂ.ಮೀ. ಮೇಲೆ ಪಕ್ಕದಲ್ಲಿ ಮೂರ್ನಾಲ್ಕು ತೂತು ಮಾಡಿ, ಕುಂಡವನ್ನು ಇಟ್ಟಿಗೆ ತುಂಡುಗಳ ಮೇಲೆ ಕೂರಿಸಿ.

ಮಿಶ್ರಣಕ್ಕೆ ಕೊಕೊಪೀಟ್ ಎರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಒಂದು ಪಾಲು, ಸಡಿಲ ಮಣ್ಣು ಒಂದು ಪಾಲು, ಪರ್ಲೈಟ್ (ನೀರು ಬಸಿಯಲು ಬೆರೆಸುವ ಹಗುರ ಬಿಳಿ ಹರಳು) ಅಥವಾ ದಪ್ಪ ಮರಳು ಅರ್ಧ ಪಾಲು. 20 ಲೀಟರಿಗೆ ಒಂದು ಹಿಡಿ ಬೇವಿನ ಹಿಂಡಿ. ಬರೀ ಮಣ್ಣು ತುಂಬಿದರೆ ದಿನವೂ ನೀರು ಬಿದ್ದು ಬಿದ್ದು ಒಂದು ತಿಂಗಳಲ್ಲಿ ಹೆಪ್ಪುಗಟ್ಟುತ್ತದೆ. ಕೊಕೊಪೀಟ್ ಇಟ್ಟಿಗೆಯನ್ನು ನೆನೆಸಿ ಹಾಗೆಯೇ ಬಳಸಬೇಡಿ. ಅದರಲ್ಲಿ ಉಪ್ಪಿನಂಶ ಇರಬಹುದು. ಎರಡು ಮೂರು ಸಲ ನೀರು ಬದಲಿಸಿ ಹಿಂಡಿ ತೆಗೆಯಿರಿ.

ಕಪ್ಪು ಕುಂಡ, ಕಪ್ಪು ಗ್ರೋ ಬ್ಯಾಗ್ ಇದ್ದವರು ಮೊದಲ ತಿಂಗಳು ಪಶ್ಚಿಮದ ಬದಿಗೆ ಬಿಳಿ ಬಟ್ಟೆಯನ್ನೋ ಗೋಣಿಯನ್ನೋ ಸುತ್ತಿ. ಮಧ್ಯಾಹ್ನದ ಬಿಸಿಲು ನೇರ ಬೀಳುವ ಬದಿಯಲ್ಲಿ ಬೇರಿನ ತುದಿ ಬೆಂದು ಹೋಗುವುದು ಹೊರಗಿನಿಂದ ಕಾಣುವುದಿಲ್ಲ, ಗಿಡ ಬೆಳೆಯದೆ ನಿಂತಾಗಲೇ ಗೊತ್ತಾಗುವುದು.

ನಾಟಿಯನ್ನು ಸಂಜೆ ಮಾಡಿ. ಟೊಮೆಟೊ ಸಸಿಯನ್ನು ಮೇಲಿನ ನಾಲ್ಕೈದು ಎಲೆ ಮಾತ್ರ ಹೊರಗಿರುವಂತೆ ಆಳಕ್ಕೆ ಹೂಳಿ, ಹೂತ ಕಾಂಡವೆಲ್ಲ ಬೇರು ಬಿಡುತ್ತದೆ. ಮೆಣಸಿನ ಸಸಿಯನ್ನು ಟ್ರೇಯಲ್ಲಿದ್ದ ಮಟ್ಟಕ್ಕೇ ನೆಡಿ.

ಪ್ರಶ್ನೆ: ಮಧ್ಯಾಹ್ನ ಎಲೆ ಬಾಡುತ್ತದೆ. ದಿನಕ್ಕೆ ಮೂರು ಸಲ ನೀರು ಕೊಡುತ್ತಿದ್ದೇನೆ, ಸರಿಯೇ?

ಉತ್ತರ: ಸಂಜೆ ತಾನಾಗಿ ಚೇತರಿಸಿಕೊಂಡರೆ ಅದು ಬರೀ ಬಿಸಿಲಿನ ಬಾಡು, ನೀರು ಬೇಡ. ಬೆಳಗ್ಗೆಯೂ ಬಾಡಿದ್ದರೆ ಬೆರಳನ್ನು ಎರಡು ಇಂಚು ಒಳಗೆ ತೂರಿಸಿ ನೋಡಿ. ಒಣಗಿದ್ದರೆ ನೀರು ಕೊಡಿ. ಒದ್ದೆಯಿದ್ದೂ ಬಾಡಿದ್ದರೆ ಬೇರು ಕೊಳೆಯುತ್ತಿದೆ, ನೀರು ನಿಲ್ಲಿಸಿ. ಬೆಳಗ್ಗೆ ಒಂದೇ ಸಲ, ತಳದಿಂದ ಸ್ವಲ್ಪ ಹರಿಯುವವರೆಗೆ ಕೊಡಿ. ಕಡು ಸೆಕೆಯ ದಿನ ಮಾತ್ರ ಸಂಜೆ ಇನ್ನೊಮ್ಮೆ. ಚಳಿ ಹತ್ತಿರವಾದಂತೆ ಅದೇ ಗಿಡಕ್ಕೆ ಅರ್ಧ ನೀರು ಸಾಕಾಗುತ್ತದೆ. ಅಭ್ಯಾಸಬಲದಿಂದ ಹಳೆಯ ಅಳತೆಯಲ್ಲೇ ಸುರಿಯುವುದರಿಂದ ಹಾಳಾಗುವ ಗಿಡಗಳೇ ಹೆಚ್ಚು.

ಪ್ರಶ್ನೆ: ಹೂವು ಧಾರಾಳ, ಕಾಯಿ ಒಂದೂ ಇಲ್ಲ. ತೊಟ್ಟಿನ ಗಂಟಿನಲ್ಲೇ ಹಳದಿಯಾಗಿ ಉದುರುತ್ತಿದೆ. ಗೊಬ್ಬರ ಕಡಿಮೆಯಾಯಿತೇ?

ಉತ್ತರ: ಗೊಬ್ಬರ ಹೆಚ್ಚಾಗಿರುವ ಸಂಭವವೇ ಜಾಸ್ತಿ. ಮೊದಲು ಉಷ್ಣಾಂಶ ನೋಡಿ. ಹಗಲು 34–35 ಡಿಗ್ರಿ, ರಾತ್ರಿ 24 ಡಿಗ್ರಿಗಿಂತ ಮೇಲಿದ್ದರೆ ಟೊಮೆಟೊ ಪರಾಗ ಕೆಲಸಕ್ಕೆ ಬರುವುದಿಲ್ಲ. ದೊಣ್ಣೆ ಮೆಣಸಿನಕಾಯಿ ಇನ್ನೂ ಸೂಕ್ಷ್ಮ, 32 ಡಿಗ್ರಿಗೇ ಹೂ ಚೆಲ್ಲುತ್ತದೆ. ಇದಕ್ಕೆ ಮದ್ದಿಲ್ಲ, ರಾತ್ರಿ ತಂಪಾಗುವವರೆಗೆ ಗಿಡವನ್ನು ಆರೋಗ್ಯವಾಗಿ ಕಾಯ್ದುಕೊಳ್ಳುವುದಷ್ಟೆ. ಮಧ್ಯಾಹ್ನ ಶೇಡ್ ನೆಟ್ ಕಟ್ಟಿದರೆ ಒಂದೆರಡು ಡಿಗ್ರಿ ಇಳಿಯುತ್ತದೆ. ಹೊರಗೆ ಸೆಕೆ 30 ಡಿಗ್ರಿಗೆ ಇಳಿದ ದಿನ ಅದನ್ನು ತೆಗೆದುಬಿಡಿ. ಸೂರ್ಯ ತಗ್ಗಿನಲ್ಲಿ ಸಾಗುವ ಈ ಕಾಲದಲ್ಲಿ ಗಿಡಕ್ಕೆ 6–8 ಗಂಟೆ ನೇರ ಬಿಸಿಲು ಬೇಕೇಬೇಕು. ಬೇಸಿಗೆಯಲ್ಲಿ ಬಿಸಿಲಿದ್ದ ಮೂಲೆಗೆ ಈಗ ಗೋಡೆಯ ನೆರಳು ಬಂದಿರಬಹುದು. ಕುಂಡವಾದ್ದರಿಂದ ಸರಿಸಿ ಇಡುವ ಅನುಕೂಲ ನಿಮಗಿದೆ.

ಸೆಕೆ ಇಳಿದ ಮೇಲೂ ಉದುರಿದರೆ ಪರಾಗಸ್ಪರ್ಶದ ಕೊರತೆ. ಟೊಮೆಟೊ ಹೂವಿನ ನಡುವಿನ ಹಳದಿ ಕೊಳವೆಯ ಒಳಗೆ ಪರಾಗವಿರುತ್ತದೆ, ಅಲುಗಾಡಿದರೆ ಮಾತ್ರ ಉದುರುತ್ತದೆ. ಬಯಲಲ್ಲಿ ಗಾಳಿ, ದುಂಬಿ ಆ ಕೆಲಸ ಮಾಡುತ್ತವೆ. ಬಾಲ್ಕನಿಯ ಮರೆಯಲ್ಲಿ, ಬಲೆಯ ಒಳಗೆ ನೀವೇ ಮಾಡಬೇಕು. ಬೆಳಗ್ಗೆ 10ರಿಂದ ಮಧ್ಯಾಹ್ನದೊಳಗೆ, ಇಬ್ಬನಿ ಆರಿದ ಮೇಲೆ, ಹೂಗೊಂಚಲಿನ ಹಿಂದಿನ ತೊಟ್ಟಿಗೆ ಬ್ಯಾಟರಿಯ ಹಲ್ಲುಜ್ಜುವ ಬ್ರಷ್‌ನ ಹಿಂಬದಿಯನ್ನು ಎರಡು ಮೂರು ಸೆಕೆಂಡು ತಾಗಿಸಿ. ಕಪ್ಪು ಕಾಗದ ಹಿಡಿದರೆ ಹಳದಿ ಪುಡಿ ಬೀಳುವುದು ಕಾಣುತ್ತದೆ. ಪುಡಿಯೇ ಬೀಳದಿದ್ದರೆ ಗಾಳಿಯಲ್ಲಿ ತೇವ ಹೆಚ್ಚಿದೆ, ಒಂದು ಗಂಟೆ ಬಿಟ್ಟು ಮತ್ತೆ ಮಾಡಿ.

ಗೊಬ್ಬರದ ಮಾತು: ನಾಟಿಯಾದ ಎರಡು ವಾರದಿಂದ ಹೂವು ಬರುವವರೆಗೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ, ನೀರಲ್ಲಿ ಕರಗುವ ಗೊಬ್ಬರ) ಅನ್ನು ಲೀಟರಿಗೆ 2 ಗ್ರಾಂನಂತೆ ವಾರಕ್ಕೊಮ್ಮೆ ಬುಡಕ್ಕೆ. ಹೂ ಕಂಡ ಮೇಲೆ ಅದನ್ನು ನಿಲ್ಲಿಸಿ, ಪೊಟ್ಯಾಷ್ ಹೆಚ್ಚಿರುವ 13:0:45 ಅಷ್ಟೇ ಅಳತೆಯಲ್ಲಿ. ಸೊಪ್ಪು ಕಡುಹಸಿರಾಗಿ ದಪ್ಪ ಕಾಂಡ ಬಂದಿದ್ದರೆ ಸಾರಜನಕ ಅತಿಯಾಗಿದೆ, ಎರಡು ವಾರ ಬರೀ ನೀರು ಕೊಡಿ.

ಪ್ರಶ್ನೆ: ಟೊಮೆಟೊ ಕಾಯಿಯ ತುದಿ ಕಪ್ಪಾಗಿ ಒಳಗೆ ಕುಸಿಯುತ್ತಿದೆ. ಮೊಟ್ಟೆ ಚಿಪ್ಪು, ಎಪ್ಸಮ್ ಉಪ್ಪು ಎರಡೂ ಹಾಕಿದೆ, ಪ್ರಯೋಜನವಿಲ್ಲ.

ಉತ್ತರ: ಇದು ರೋಗವಲ್ಲ, ಕಾಯಿಗೆ ಕ್ಯಾಲ್ಸಿಯಂ ತಲುಪದ ತೊಂದರೆ. ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದರೂ ಅದು ಸಾಗುವುದು ನೀರಿನ ಜೊತೆ ಮಾತ್ರ. ಎಲೆಗಳು ನೀರನ್ನು ಜೋರಾಗಿ ಎಳೆದುಕೊಳ್ಳುತ್ತವೆ, ಕಾಯಿಗೆ ಬರುವುದು ಅಲ್ಪ. ಕುಂಡ ಒಮ್ಮೆ ಒಣಗಿ ಒಮ್ಮೆ ತುಂಬಿದರೆ ಅಷ್ಟೂ ತಪ್ಪುತ್ತದೆ. ಪೆಟ್ಟು ಬೀಳುವುದು ಕಾಯಿ ಕಟ್ಟಿದ ಮೊದಲ ಎರಡು ಮೂರು ವಾರದಲ್ಲಿ, ಕಣ್ಣಿಗೆ ಕಾಣುವುದು ಆಮೇಲೆ. ಚಿಪ್ಪು ಕರಗಲು ತಿಂಗಳುಗಳು ಬೇಕು. ಎಪ್ಸಮ್ ಉಪ್ಪಿನ ಮೆಗ್ನೀಷಿಯಂ ಕ್ಯಾಲ್ಸಿಯಂ ಹೀರಿಕೆಗೆ ಅಡ್ಡ ಬರುತ್ತದೆ, ದಯವಿಟ್ಟು ನಿಲ್ಲಿಸಿ.

ಮಾಡಬೇಕಾದ್ದು ಇಷ್ಟು: ಮಣ್ಣಿನ ಮೇಲೆ ಎರಡು ಇಂಚು ಒಣ ಎಲೆಯ ಹೊದಿಕೆ, ದಿನವೂ ಒಂದೇ ಹೊತ್ತಿಗೆ ನೀರು, ಹತ್ತು ದಿನಕ್ಕೊಮ್ಮೆ ಕ್ಯಾಲ್ಸಿಯಂ ನೈಟ್ರೇಟ್ ಲೀಟರಿಗೆ 1 ಗ್ರಾಂ. ರಂಜಕ ಅಥವಾ ಸಲ್ಫೇಟ್ ಇರುವ ಗೊಬ್ಬರದ ಜೊತೆ ಒಂದೇ ಬಕೆಟ್ಟಿನಲ್ಲಿ ಕಲಸಿದರೆ ಬಿಳಿ ಗಸಿಯಾಗಿ ತಳ ಸೇರುತ್ತದೆ. ಕಪ್ಪಾದ ಕಾಯಿ ಕಿತ್ತುಹಾಕಿ. ದೊಣ್ಣೆ ಮೆಣಸಿನಕಾಯಿಯಲ್ಲಿ ಇದೇ ತೊಂದರೆ ತುದಿಯ ಹತ್ತಿರ ಪಕ್ಕದಲ್ಲಿ ಕಾಣುತ್ತದೆ. ಬಿಸಿಲು ಬಡಿಯುವ ಮೈಯಲ್ಲಿ ಮಾತ್ರ ಬಿಳಿಚಿ ಕಾಗದದಂತಾಗಿದ್ದರೆ ಅದು ಬಿಸಿಲಿನ ಸುಡು, ಎಲೆ ಅತಿಯಾಗಿ ಸವರಿದ್ದರ ಫಲ.

ಪ್ರಶ್ನೆ: ಎರಡೂ ಗಿಡಗಳಲ್ಲಿ ಎಲೆ ಮುದುರುತ್ತಿದೆ. ಒಂದೇ ಔಷಧಿ ಸಾಕೇ?

ಉತ್ತರ: ಸಾಲದು. ಮುದುರಿದ ರೀತಿ ನೋಡಿ ಕಾರಣ ಹೇಳಬಹುದು.

ಟೊಮೆಟೊದಲ್ಲಿ ಕೆಳಗಿನ ಹಳೆಯ ಎಲೆ ಮಾತ್ರ ಸುರುಳಿಯಾಗಿ, ಮುಟ್ಟಿದರೆ ದಪ್ಪಗೆ ಗಡಸಾಗಿ, ಬಣ್ಣ ಹಸಿರಾಗಿಯೇ ಇದ್ದು ತುದಿಯ ಚಿಗುರು ಸರಿಯಿದ್ದರೆ ಚಿಂತೆ ಬೇಡ. ಸೆಕೆಗೂ ಅತಿಯಾಗಿ ಚಿವುಟಿದ್ದಕ್ಕೂ ಹಾಗಾಗುತ್ತದೆ. ತುದಿಯ ಎಲೆಗಳೇ ಚಿಕ್ಕದಾಗಿ, ಅಂಚು ಹಳದಿಯಾಗಿ ಮೇಲಕ್ಕೆ ಮಡಚಿ, ಗಿಡ ಪೊದೆಯಂತೆ ಕುಗ್ಗಿದ್ದರೆ ಅದು ಬಿಳಿ ನೊಣ ತಂದ ಎಲೆ ಮುದುರು ವೈರಸ್. ವಾಸಿಯಾಗುವುದಿಲ್ಲ. ಗಿಡಕ್ಕೆ ಮೊದಲು ಪ್ಲಾಸ್ಟಿಕ್ ಚೀಲ ಮುಚ್ಚಿ, ಆಮೇಲೆ ಕೀಳಿ. ಹಾಗೇ ಕಿತ್ತರೆ ನೊಣಗಳೆಲ್ಲ ಹಾರಿ ಪಕ್ಕದ ಕುಂಡ ಸೇರುತ್ತವೆ. ಬೇಸಿಗೆಯುದ್ದಕ್ಕೂ ಹೆಚ್ಚಿದ ಬಿಳಿ ನೊಣ ಈ ಬೆಳೆಗೆ ದೊಡ್ಡ ಶತ್ರು. ಎಳೆ ಸಸಿಗೆ ತಗುಲಿದರೆ ಫಸಲೇ ಇಲ್ಲ. ಟ್ರೇ ಮತ್ತು ನಾಟಿಯ ಮೊದಲ ಮೂರು ವಾರ 50 ಮೆಷ್ (ಅಂಗುಲಕ್ಕೆ 50 ಕಣ್ಣಿರುವ) ಬಲೆಯೊಳಗಿಡುವುದು ಯಾವ ಸಿಂಪಡಣೆಗಿಂತಲೂ ಮೇಲು.

ಮೆಣಸಿನ ಗಿಡದಲ್ಲಿ ಎಲೆ ದೋಣಿಯಂತೆ ಮೇಲಕ್ಕೆ ಮಡಚಿದರೆ ಥ್ರಿಪ್ಸ್. ಹೂವನ್ನು ಬಿಳಿ ಕಾಗದದ ಮೇಲೆ ತಟ್ಟಿ, ಒಂದು ಮಿಲಿಮೀಟರಿನ ತೆಳ್ಳಗಿನ ಹುಳುಗಳು ಓಡಾಡುತ್ತವೆ. ಅಂಚು ಕೆಳಕ್ಕೆ ಮಡಚಿ, ತೊಟ್ಟು ಉದ್ದವಾಗಿ, ಎಲೆಯ ಅಡಿ ಕಂದು ಮಿಂಚು ಹೊಡೆದರೆ ನುಸಿ. ಇದು ಬರಿಗಣ್ಣಿಗೆ ಕಾಣುವುದಿಲ್ಲ. ಥ್ರಿಪ್ಸ್, ಬಿಳಿ ನೊಣಕ್ಕೆ ಬೇವಿನೆಣ್ಣೆ 5 ಮಿ.ಲೀ., ದ್ರವ ಸೋಪು 1 ಮಿ.ಲೀ. ಒಂದು ಲೀಟರ್ ನೀರಿಗೆ, ಸಂಜೆ, ಎಲೆಯ ಅಡಿಗೆ, 5–7 ದಿನಕ್ಕೊಮ್ಮೆ ಮೂರು ಸಲ. ನುಸಿಗೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ. ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಹೊಡೆಯಬೇಡಿ, 32 ಡಿಗ್ರಿಗಿಂತ ಹೆಚ್ಚಿನ ಬಿಸಿಲಿನಲ್ಲೂ ಬೇಡ. ಎರಡೂ ಸಂದರ್ಭದಲ್ಲಿ ಎಲೆ ಸುಡುತ್ತದೆ.

ಪ್ರಶ್ನೆ: ಚಳಿ ಬಂದಾಗ ಗಿಡದ ತುಂಬ ಹಸಿರು ಕಾಯಿ ಉಳಿದುಬಿಡುತ್ತದೆ. ಏನು ಮಾಡಬಹುದು?

ಉತ್ತರ: ಚಳಿಗೆ ಐದಾರು ವಾರ ಮೊದಲೇ ಟೊಮೆಟೊದ ತುದಿ ಚಿವುಟಿ, ಆಮೇಲೆ ಬಂದ ಹೂಗಳನ್ನೆಲ್ಲ ತೆಗೆಯಿರಿ. ಹೂವಿನಿಂದ ಹಣ್ಣಿಗೆ 45–60 ದಿನ ಬೇಕು, ಅವು ಹೇಗೂ ಹಣ್ಣಾಗುವುದಿಲ್ಲ. ಉಳಿದ ಕಾಯಿಗೆ ಬಲ ಸೇರುತ್ತದೆ.

ಕೊಯ್ಯುವ ಮುನ್ನ ಒಂದು ಕಾಯಿಯನ್ನು ಅಡ್ಡ ಕತ್ತರಿಸಿ ನೋಡಿ. ಚಾಕು ಬೀಜವನ್ನು ಕತ್ತರಿಸದೆ, ಬೀಜ ಲೋಳೆಯಲ್ಲಿ ಜಾರಿಕೊಂಡರೆ ಅಷ್ಟು ಗಾತ್ರದ ಕಾಯಿಗಳು ಬಲಿತಿವೆ, ಮನೆಯೊಳಗೆ ಹಣ್ಣಾಗುತ್ತವೆ. ಬೀಜ ಕತ್ತರಿಸಿಹೋದರೆ ಅವು ಎಳೆಯವು, ಅಡುಗೆಗೆ ಬಳಸಿ. ಬಲಿತವನ್ನು ಒಂದೊಂದಾಗಿ ರಟ್ಟಿನ ಪೆಟ್ಟಿಗೆಯಲ್ಲಿ ಹರಡಿ, ಜೊತೆಗೊಂದು ಬಾಳೆಹಣ್ಣು ಇಟ್ಟು, 18–22 ಡಿಗ್ರಿಯ ಕೋಣೆಯಲ್ಲಿಡಿ. ಫ್ರಿಜ್ ಬೇಡ, ರುಚಿ ಹೋಗುತ್ತದೆ.

ದೊಣ್ಣೆ ಮೆಣಸಿನಕಾಯಿ ಹೀಗೆ ಹಣ್ಣಾಗುವುದಿಲ್ಲ. ಅರ್ಧ ಬಣ್ಣ ತಿರುಗಿದ್ದು ಮಾತ್ರ ಒಳಗೆ ಇನ್ನಷ್ಟು ಕೆಂಪಾಗುತ್ತದೆ, ಪೂರ್ತಿ ಹಸಿರಿದ್ದನ್ನು ಹಸಿರಾಗಿಯೇ ಬಳಸಿ. ಗಿಡವನ್ನು 15–20 ಸೆಂ.ಮೀ.ಗೆ ಸವರಿ, ಗಾಳಿ ತಾಗದ ಗೋಡೆಯ ಪಕ್ಕ ಇಟ್ಟು, ಮಣ್ಣು ಒಣಗಿದಾಗ ಮಾತ್ರ ಒಂದು ಲೋಟ ನೀರು ಕೊಡುತ್ತಿರಿ. ಗೊಬ್ಬರ ಬೇಡ. ರಾತ್ರಿ 15 ಡಿಗ್ರಿ ದಾಟಿ ಹೊಸ ಚಿಗುರು ಕಂಡ ಮೇಲೆ ಮತ್ತೆ ಶುರು ಮಾಡಿ.