ಮಾಂಟ್ರೋಸ್ ಪಕ್ಷಾಂತರಿಯೇ?

ಪ್ರಶ್ನೆ: 1638ರಲ್ಲಿ ರಾಜನ ಧರ್ಮನೀತಿಯನ್ನು ವಿರೋಧಿಸಿ ‘ರಾಷ್ಟ್ರೀಯ ಒಡಂಬಡಿಕೆ’ಗೆ ಸಹಿ ಹಾಕಿದ್ದ ಸ್ಕಾಟ್ಲೆಂಡಿನ ಜೇಮ್ಸ್ ಗ್ರಹಾಂ (ಮಾಂಟ್ರೋಸ್), ಆರೇ ವರ್ಷಗಳಲ್ಲಿ ಅದೇ ರಾಜನ ಸೇನಾನಿಯಾದದ್ದು ಹೇಗೆ? ಅವನನ್ನು ಪಕ್ಷಾಂತರಿ ಎನ್ನಬಹುದಲ್ಲವೇ?

ಉತ್ತರ: ಹಾಗೆನ್ನುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. 1612ರಲ್ಲಿ ಹುಟ್ಟಿ, ತಂದೆಯ ನಂತರ ಮಾಂಟ್ರೋಸ್‌ನ ಐದನೆಯ ಅರ್ಲ್ (ಒಂದು ಕುಲೀನ ಪದವಿ) ಆದ ಗ್ರಹಾಂ, ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಎರಡಕ್ಕೂ ರಾಜನಾಗಿದ್ದ ಒಂದನೇ ಚಾರ್ಲ್ಸ್ ಸ್ಕಾಟ್ಲೆಂಡಿನ ಚರ್ಚಿನ ಮೇಲೆ ಹೊಸ ಪ್ರಾರ್ಥನಾ ಪುಸ್ತಕವನ್ನು ಹೇರಲು ಹೊರಟಾಗ ಮನಃಪೂರ್ವಕವಾಗಿಯೇ ಪ್ರತಿಭಟಿಸಿದ. 1640ರಲ್ಲಿ ಟ್ವೀಡ್ ನದಿ ದಾಟಿ ಇಂಗ್ಲೆಂಡನ್ನು ಹೊಕ್ಕ ಒಡಂಬಡಿಕೆಯವರ ಸೈನ್ಯದಲ್ಲೂ ಇದ್ದ. ಆದರೆ ಅವನು ಸಹಿ ಹಾಕಿದ ಒಡಂಬಡಿಕೆಯಲ್ಲಿ ಧರ್ಮರಕ್ಷಣೆಯ ಜೊತೆಗೆ ರಾಜನ ಅಧಿಕಾರವನ್ನು ಕಾಯುವ ಪ್ರತಿಜ್ಞೆಯೂ ಇತ್ತು. ಆ ಎರಡನೆಯ ಮಾತು ಮೂಲೆಗುಂಪಾಗಿ, ಅಧಿಕಾರವೆಲ್ಲ ಒಡಂಬಡಿಕೆಯವರ ಮುಖಂಡನೂ ಕ್ಯಾಂಬೆಲ್ ಕುಲದ ಒಡೆಯನೂ ಆದ ಆರ್ಗೈಲ್‌ನ ಆರ್ಚಿಬಾಲ್ಡ್ ಕ್ಯಾಂಬೆಲ್‌ನ ಕೈಸೇರುತ್ತಿದೆಯೆಂದು ಅನಿಸಿದಾಗ ಅವನು ಹಿಂದೆ ಸರಿದ. 1641ರಲ್ಲಿ ಎಡಿನ್‌ಬರೋ ಕೋಟೆಯಲ್ಲಿ ಸೆರೆವಾಸವನ್ನೂ ಅನುಭವಿಸಿದ.

1644ರಲ್ಲಿ ರಾಜನಿಂದ ಅರ್ಲ್‌ಗಿಂತ ಮೇಲಿನ ಮಾರ್ಕ್ವೆಸ್ ಪದವಿ ಪಡೆದು, ಅಲಸ್ಡೇರ್ ಮ್ಯಾಕ್ ಕೊಲ್ಲಾ ಕರೆತಂದ ಐರಿಷ್ ಸೈನಿಕರನ್ನೂ ಸ್ಕಾಟ್ಲೆಂಡಿನ ಎತ್ತರನಾಡಿನ (ಹೈಲ್ಯಾಂಡ್ಸ್) ಕುಲದವರನ್ನೂ ಕೂಡಿಸಿಕೊಂಡು, ಒಂದು ವರ್ಷದೊಳಗೆ ಆರು ಕಾಳಗಗಳನ್ನು ಗೆದ್ದ. ಅವುಗಳಲ್ಲಿ ನನಗೆ ಅತ್ಯಂತ ಬೆರಗು ಹುಟ್ಟಿಸುವುದು 1645ರ ಫೆಬ್ರವರಿ 2ರ ಇನ್ವರ್‌ಲಾಕಿ. ಎರಡು ಶತ್ರುಸೈನ್ಯಗಳ ನಡುವೆ ಸಿಕ್ಕಿಬೀಳುವ ಅಪಾಯವಿದ್ದಾಗ, ನೇರವಾದ ಕಣಿವೆಯ ದಾರಿಯನ್ನು ಬಿಟ್ಟು, ಹಿಮ ಮುಚ್ಚಿದ ಬೆಟ್ಟಗಳ ಮೇಲೆ ಹಸಿದ ಪಡೆಯನ್ನು ನಡೆಸಿಕೊಂಡು ಹೋಗಿ, ಬೆಳಗಾಗುತ್ತಲೇ ಕ್ಯಾಂಬೆಲ್ಲರ ಮೇಲೆ ಎರಗಿದ. ಆರ್ಗೈಲ್ ತನ್ನವರ ಸೋಲನ್ನು ಹಡಗಿನಲ್ಲಿದ್ದುಕೊಂಡು ನೋಡಬೇಕಾಯಿತು. ಇಷ್ಟು ಹೊಗಳುವವರು ಅಬರ್ಡೀನನ್ನೂ ನೆನೆಯಲೇಬೇಕು: 1644ರ ಸೆಪ್ಟೆಂಬರಿನಲ್ಲಿ ಆ ನಗರವನ್ನು ಅವನ ಸೈನಿಕರು ಕೊಳ್ಳೆಹೊಡೆದು ನಿರಾಯುಧರನ್ನು ಕೊಂದರು, ಆ ಕಳಂಕವನ್ನು ಯಾವ ಗೆಲುವೂ ತೊಳೆಯಲಾರದು.

ಗೆದ್ದ ನಾಡನ್ನು ಉಳಿಸಿಕೊಳ್ಳುವುದು ಅವನಿಂದಾಗಲಿಲ್ಲ. ಆ ಆರರಲ್ಲಿ ಕೊನೆಯದಾದ ಕಿಲ್‌ಸಿತ್‌ನ ವಿಜಯದ ನಂತರ ಎತ್ತರನಾಡಿನವರಲ್ಲಿ ಹೆಚ್ಚಿನವರು ಊರಿಗೆ ಮರಳಿದರು. ಉಳಿದ ಚಿಕ್ಕ ಪಡೆಯನ್ನು ಒಡಂಬಡಿಕೆಯವರ ದಳಪತಿ ಡೇವಿಡ್ ಲೆಸ್ಲಿ 1645ರ ಸೆಪ್ಟೆಂಬರ್ 13ರಂದು ಫಿಲಿಪ್‌ಹಾಫ್‌ನಲ್ಲಿ ನುಚ್ಚುನೂರು ಮಾಡಿದ.

ನಿಷ್ಠೆ ಬದಲಾದದ್ದು ಯಾರದು ಎಂಬುದಕ್ಕೆ 1650 ಉತ್ತರ ಹೇಳುತ್ತದೆ. ದೇಶಭ್ರಷ್ಟನಾಗಿದ್ದ ಮಾಂಟ್ರೋಸ್‌ನನ್ನು ತನ್ನ ಪರವಾಗಿ ಸ್ಕಾಟ್ಲೆಂಡಿಗೆ ಕಳುಹಿಸಿದ, ಒಂದನೇ ಚಾರ್ಲ್ಸ್‌ನ ಮಗ ಇಮ್ಮಡಿ ಚಾರ್ಲ್ಸ್, ಅದೇ ಹೊತ್ತಿಗೆ ಒಡಂಬಡಿಕೆಯವರೊಡನೆ ಸಂಧಾನ ನಡೆಸಿ ಅವನನ್ನು ಕೈಬಿಟ್ಟ. ಕಾರ್ಬಿಸ್‌ಡೇಲ್‌ನಲ್ಲಿ ಸೋತು ಸೆರೆಸಿಕ್ಕ ಮಾಂಟ್ರೋಸ್‌ನನ್ನು ಮೇ 21ರಂದು ಎಡಿನ್‌ಬರೋದಲ್ಲಿ ಗಲ್ಲಿಗೇರಿಸಿ, ತಲೆಯನ್ನು ಟೋಲ್‌ಬೂತ್ ಸೆರೆಮನೆಯ ಮೇಲೆ ಸಿಕ್ಕಿಸಲಾಯಿತು. ಇಮ್ಮಡಿ ಚಾರ್ಲ್ಸ್ ಸಿಂಹಾಸನಕ್ಕೆ ಮರಳಿದ ಮೇಲೆ, 1661ರಲ್ಲಿ ಅದನ್ನು ಇಳಿಸಿ, ಸೇಂಟ್ ಜೈಲ್ಸ್ ಚರ್ಚಿನಲ್ಲಿ ಗೌರವದಿಂದ ಸಮಾಧಿ ಮಾಡಿದರು. ಅದೇ ವರ್ಷ ಟೋಲ್‌ಬೂತಿನ ಅದೇ ಜಾಗದಲ್ಲಿ, ಮರಣದಂಡನೆಗೆ ಗುರಿಯಾದ ಆರ್ಗೈಲ್‌ನ ತಲೆಯನ್ನು ಇರಿಸಲಾಯಿತು.