ಮಗಳ ಶಾಲೆಯ ಚಿತ್ರಕಲಾ ತರಗತಿಗೆ ಹೋಗುವ ಮುನ್ನ

ಕ್ಯಾಲಿಫೋರ್ನಿಯಾಕ್ಕೆ ಬಂದು ಮೂರು ತಿಂಗಳಾಯಿತು, ಉದ್ಯೋಗಕ್ಕೆ ಬಂದವರ ಸಂಗಾತಿಗೆ ಕೊಡುವ ಎಚ್-4 ವೀಸಾ ಆದ್ದರಿಂದ ಸದ್ಯ ಉದ್ಯೋಗ ಮಾಡುವಂತಿಲ್ಲ, ಎರಡನೆಯ ತರಗತಿಯ ಮಗಳ ಶಾಲೆಯಲ್ಲಿ ಸೆಪ್ಟೆಂಬರ್ 21ರ ಅಂತರರಾಷ್ಟ್ರೀಯ ಶಾಂತಿ ದಿನಕ್ಕಾಗಿ ಚಿತ್ರಕಲಾ ತರಗತಿಗೆ ಸ್ವಯಂಸೇವಕರನ್ನು ಕರೆದಿದ್ದಾರೆ, ನನ್ನ ಇಂಗ್ಲಿಷ್ ಸಾಲುತ್ತದೆಯೇ ಎಂದು ಕೇಳಿದ್ದೀರಿ. ಖಂಡಿತ ಹೋಗಿ. ಸಂಬಳವಿಲ್ಲದೆ ಮಗುವಿನ ಶಾಲೆಯಲ್ಲಿ ಮಾಡುವ ಇಂಥ ಸೇವೆಗೆ ನಿಮ್ಮ ವೀಸಾ ಅಡ್ಡಿಯಾಗುವುದಿಲ್ಲ. ನಾನೂ ಹೀಗೆಯೇ ಆರಂಭಿಸಿದೆ. ಮಕ್ಕಳು ಆ ಶಾಲೆ ಬಿಟ್ಟ ಮೇಲೂ ಹೋಗುತ್ತಿದ್ದೇನೆ.

ಮಕ್ಕಳೊಡನೆ ಪದೇ ಪದೇ ಬೆರೆಯುವ ಸ್ವಯಂಸೇವಕರಿಂದ ಇಲ್ಲಿನ ಶಾಲೆಗಳು ಕ್ಷಯರೋಗವಿಲ್ಲವೆಂಬ ಪ್ರಮಾಣಪತ್ರ ಕೇಳುತ್ತವೆ, ಕೆಲವು ಕಡೆ ಬೆರಳಚ್ಚನ್ನೂ ಪಡೆಯುತ್ತಾರೆ. ಚಿಕ್ಕಂದಿನಲ್ಲಿ ಕ್ಷಯರೋಗದ ವಿರುದ್ಧದ ಬಿಸಿಜಿ ಲಸಿಕೆ ಹಾಕಿಸಿಕೊಂಡಿರುವ ನಮ್ಮಂಥವರಿಗೆ ಚರ್ಮದ ಪರೀಕ್ಷೆಯಲ್ಲಿ ರೋಗವಿಲ್ಲದಿದ್ದರೂ ಸೋಂಕಿದೆ ಎಂಬ ಫಲಿತಾಂಶ ಬರಬಹುದು; ಆದ್ದರಿಂದ ವೈದ್ಯರಲ್ಲಿ ರಕ್ತಪರೀಕ್ಷೆಯನ್ನೇ ಕೇಳಿ. ಇದು ತಿಳಿಯದೆ ನಾನು ಒಂದು ತಿಂಗಳು ಆತಂಕದಲ್ಲಿ ಕಳೆದಿದ್ದೆ.

ಬಹುಶಃ ನಿಮ್ಮಿಂದ ಗಿರಗಿಟ್ಲೆ ಮಾಡಿಸುತ್ತಾರೆ. ಫ್ಲಾರಿಡಾದ ಇಬ್ಬರು ಚಿತ್ರಕಲಾ ಶಿಕ್ಷಕಿಯರು 2005ರಲ್ಲಿ ಆರಂಭಿಸಿದ ಈ ಪದ್ಧತಿಯಲ್ಲಿ ಮಕ್ಕಳು ಚೌಕದ ಕಾಗದದ ಒಂದು ಬದಿಗೆ ಶಾಂತಿಯ ಬಗ್ಗೆ ತಮಗೆ ತೋಚಿದ್ದನ್ನು ಬರೆದು, ಇನ್ನೊಂದು ಬದಿಗೆ ಚಿತ್ರ ಬಿಡಿಸಿ, ನಾಲ್ಕು ಮೂಲೆಗಳಿಂದ ನಡುವಿನತ್ತ ಕತ್ತರಿಸಿ ಮಡಿಸಿ, ಪೆನ್ಸಿಲ್ಲಿನ ತುದಿಯ ರಬ್ಬರಿಗೆ ಗುಂಡುಸೂಜಿಯಿಂದ ಚುಚ್ಚುತ್ತಾರೆ. ನಮ್ಮ ಜಾತ್ರೆಗಳಲ್ಲಿ ಮಾರುವ ಗಿರಗಿಟ್ಲೆಯನ್ನು ಬಲ್ಲ ನಿಮ್ಮ ಕೈಗೆ ಇದು ಹೊಸದಲ್ಲ. ಕತ್ತರಿ ನಡುವಿನವರೆಗೆ ಹೋಗದಂತೆ ಮೊದಲೇ ಒಂದು ಸಣ್ಣ ವೃತ್ತ ಬರೆದುಕೊಡಿ. ದೊಡ್ಡ ತರಗತಿಗಳಲ್ಲಿ ಕಾಗದದ ಕೊಕ್ಕರೆ ಮಡಿಸುವುದೂ ಉಂಟು. ಎರಡು ವರ್ಷದವಳಿದ್ದಾಗ ಹಿರೋಶಿಮಾದ ಬಾಂಬಿಗೆ ಸಿಕ್ಕಿ ಮುಂದೆ ಆಸ್ಪತ್ರೆಯಲ್ಲಿ ಗುಣವಾಗಲೆಂದು ಇಂಥ ಕೊಕ್ಕರೆಗಳನ್ನೇ ಮಡಿಸುತ್ತಾ 1955ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಜಪಾನಿನ ಹುಡುಗಿ ಸದಾಕೋ ಸಸಾಕಿಯ ಕಥೆಯನ್ನು ಆಗ ಹೇಳುತ್ತಾರೆ. ಏಳು ವರ್ಷದ ಮಕ್ಕಳಿಗೆ ಅದರಲ್ಲಿ ಎಷ್ಟು ಹೇಳಬೇಕೆಂಬುದನ್ನು ಶಿಕ್ಷಕಿಯೇ ತೀರ್ಮಾನಿಸಲಿ.

ನಿಮಗೆ ನಾನು ಹೇಳಲೇಬೇಕಾದದ್ದು ಬೇರೊಂದಿದೆ. ನಮ್ಮ ಕಾಲದ ಚಿತ್ರಕಲಾ ಪೀರಿಯಡ್ಡಿನಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದನ್ನು ನಾವು ಹಾಗೆಯೇ ತೆಗೆಯುತ್ತಿದ್ದೆವು, ತಪ್ಪಿದರೆ ಅವರೇ ತಿದ್ದುತ್ತಿದ್ದರು. ಆ ಅಭ್ಯಾಸ ನನ್ನಲ್ಲೂ ಉಳಿದಿತ್ತು. ಮೊದಲ ವರ್ಷ ಒಬ್ಬ ಹುಡುಗ ತನ್ನ ಕಾಗದವನ್ನೆಲ್ಲ ಕಪ್ಪು ಬಣ್ಣದಿಂದ ತುಂಬುತ್ತಿದ್ದುದನ್ನು ಕಂಡು, ಶಾಂತಿಗೆ ಇದು ಸಲ್ಲದೆಂದು ನಾನು ಹಳದಿ ಬಣ್ಣದ ಕಡ್ಡಿಯನ್ನು ಅವನ ಕೈಗೆ ಕೊಟ್ಟೆ. ಅವನು ಬಣ್ಣ ಹಚ್ಚುವುದನ್ನೇ ನಿಲ್ಲಿಸಿಬಿಟ್ಟ. ಶಿಕ್ಷಕಿ ಪಕ್ಕದಲ್ಲಿ ಕುಳಿತು, ‘ನಿನ್ನ ಚಿತ್ರದ ಬಗ್ಗೆ ಹೇಳುತ್ತೀಯಾ?’ ಎಂದಷ್ಟೇ ಕೇಳಿದರು. ಬಹಳ ಹೊತ್ತಿನ ಮೇಲೆ ಅವನೆಂದ: ‘ಇದು ರಾತ್ರಿ. ಎಲ್ಲರೂ ಮಲಗಿದ್ದಾರೆ.’ ಆ ಮಗುವಿನ ಮನೆಯ ವಿಷಯ ನನಗೆ ತಿಳಿಯದು, ಕೇಳುವ ಹಕ್ಕೂ ನನಗಿರಲಿಲ್ಲ. ಆದರೆ ಹಳದಿ ಕಡ್ಡಿ ಕೊಟ್ಟ ನನ್ನ ಕೈಯ ನೆನಪಾದರೆ ಇಂದಿಗೂ ಸಂಕಟವಾಗುತ್ತದೆ.

ಆದ್ದರಿಂದ ನಿಮ್ಮ ಇಂಗ್ಲಿಷಿನ ಬಗ್ಗೆ ಅಳುಕಬೇಡಿ. ಆ ಶಿಕ್ಷಕಿ ಕೇಳಿದ ಒಂದು ವಾಕ್ಯವನ್ನು ಕಲಿತುಕೊಂಡು, ಉತ್ತರಕ್ಕಾಗಿ ಕಾಯುವ ತಾಳ್ಮೆಯಿದ್ದರೆ ಸಾಕು. ಮಕ್ಕಳ ಫೋಟೋ ತೆಗೆಯಬೇಡಿ, ಉದ್ದನೆಯ ದುಪಟ್ಟಾ ಬೇಡ, ಎಡಗೈ ಮಕ್ಕಳಿಗಾಗಿ ಬೇರೆ ಕತ್ತರಿ ಇದೆಯೇ ಎಂದು ಮೊದಲೇ ವಿಚಾರಿಸಿ. 21ರಂದು ಗಿರಗಿಟ್ಲೆಗಳನ್ನೆಲ್ಲ ಶಾಲೆಯ ಹುಲ್ಲುಹಾಸಿನಲ್ಲಿ ನೆಡುತ್ತಾರೆ; ಹಿಂದಿನ ದಿನ ನೀರು ಹಾಯಿಸಿರದಿದ್ದರೆ ನೆಲ ಗಟ್ಟಿಯಾಗಿರುತ್ತದೆ, ಪೆನ್ಸಿಲ್ ಇಳಿಯುವುದಿಲ್ಲ, ಅದನ್ನೂ ಶಿಕ್ಷಕಿಗೆ ನೆನಪಿಸಿ.