ಗಲ್ಲ ಹಿಡಿದು ತಿರುಗಿಸಬೇಡಿ

ಡಿಸೆಂಬರ್, ಕಾಫಿ ಕೊಯ್ಲಿನ ಗಡಿಬಿಡಿ. ಮೂಡಿಗೆರೆ ಕಡೆಯ ದಂಪತಿ ಏಳು ವರ್ಷದ ಮಗನನ್ನು ಚಿಕ್ಕಮಗಳೂರಿಗೆ, ನನ್ನ ಹತ್ತಿರ ಕರೆತಂದಿದ್ದರು. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಆಟಿಸಂ (ಜನರೊಂದಿಗೆ ಬೆರೆಯುವ, ಮಾತಾಡುವ ರೀತಿ ಚಿಕ್ಕಂದಿನಿಂದಲೇ ಬೇರೆಯಾಗಿರುವ ಸ್ಥಿತಿ) ಎಂದು ವೈದ್ಯರು ಮೊದಲೇ ಹೇಳಿದ್ದರು.

"ಯಾರ ಮುಖಾನೂ ನೋಡಲ್ಲ. ಮದುವೆ ಮನೇಲಿ ಎಲ್ಲರೂ ಧಾರೆ ನೋಡ್ತಿದ್ರೆ ಇವನು ಫ್ಯಾನ್ ನೋಡ್ತಾ ನಿಂತಿದ್ದ," ಎಂದರು ತಾಯಿ.

ಮಾತಿನ ನಡುವೆ ತಂದೆ ಮೂರು ಸಲ ಮಗನ ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿದರು. ಮೂರನೇ ಸಲ ಹುಡುಗ ಕಣ್ಣು ಮುಚ್ಚಿಕೊಂಡುಬಿಟ್ಟ. ನನಗೆ ಸಂಕಟವಾಯಿತು.

ನೆಲದ ಮೇಲೆ ಅವನ ಪಕ್ಕ ಕೂತು ಒಂದು ಚಿತ್ರ ಹರಡಿದೆ. ಕಾಫಿ ಕಣದಲ್ಲಿ ಹುಡುಗಿಯೊಬ್ಬಳು ಬಿದ್ದು ಅಳುತ್ತಿದ್ದಾಳೆ, ಅಜ್ಜಿ ಓಡಿ ಬರುತ್ತಿದ್ದಾಳೆ, ಮೂಲೆಯಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ಪಲ್ಪರ್. ಅವನ ಬೆರಳು ನೇರ ಪಲ್ಪರ್ ಮೇಲೆ. ಬೆಲ್ಟ್ ಯಾವ ಕಡೆ ತಿರುಗುತ್ತದೆ ಎಂದು ಹೇಳಿದ. ನಾನೂ ಬೆಲ್ಟ್ ಬಗ್ಗೆಯೇ ಮಾತಾಡಿದೆ. ಆಮೇಲೆ "ಅಲ್ಲಿ ಯಾರು ಬಿದ್ದಿದ್ದಾರೆ?" ಎಂದೆ.

"ಹುಡುಗಿ. ಮೊಣಕಾಲು ಕೆಂಪಾಗಿದೆ."

ಅವನ ಕಣ್ಣು ಅವಳ ಮುಖದ ಮೇಲೆ ನಿಂತಿರಲಿಲ್ಲ. ಗಾಯ ಮಾತ್ರ ತಪ್ಪಿರಲಿಲ್ಲ.

ಅಪ್ಪ ಅಮ್ಮನಿಗೆ ಒಂದು ಅಧ್ಯಯನದ ವಿಷಯ ಹೇಳಿದೆ. 2002ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಆಮಿ ಕ್ಲಿನ್ ಮತ್ತು ಜೊತೆಗಾರರು ಸಿನಿಮಾ ತುಣುಕು ತೋರಿಸಿ, ಕಣ್ಣು ಎಲ್ಲೆಲ್ಲಿ ಹೋಗುತ್ತದೆ ಎಂದು ಅಳೆದರು. ಆಟಿಸಂ ಇಲ್ಲದವರಿಗೆ ಹೋಲಿಸಿದರೆ, ಆಟಿಸಂ ಇದ್ದ 15 ಯುವಕರು ಪಾತ್ರಗಳ ಕಣ್ಣು ನೋಡಿದ್ದು ಕಡಿಮೆ. ಬಾಯಿ, ಮೈ, ವಸ್ತುಗಳನ್ನು ನೋಡಿದ್ದೇ ಜಾಸ್ತಿ. ಆದರೆ ಅವರಲ್ಲಿ ಬಾಯಿ ಹೆಚ್ಚು ನೋಡಿದವರು ಜನರೊಂದಿಗೆ ಉಳಿದವರಿಗಿಂತ ಚೆನ್ನಾಗಿ ಹೊಂದಿಕೊಂಡಿದ್ದರು. ಕಣ್ಣಿಗೆ ಕಣ್ಣು ಸೇರಿಸಿದರೆ ಮಾತ್ರ ಅರ್ಥವಾಗುತ್ತದೆ ಎಂದೇನಿಲ್ಲ, ಅಲ್ವಾ?

ಗಲ್ಲ ಹಿಡಿಯುವುದನ್ನು ಇವತ್ತೇ ಬಿಡಿ ಎಂದೆ. ಕಣ್ಣಲ್ಲಿ ಕಣ್ಣಿಡುವುದು ಆಟಿಸಂ ಇರುವ ಅನೇಕರಿಗೆ ನಿಜವಾದ ಹಿಂಸೆ. ಎದುರು ಕೂರಬೇಡಿ, ಪಕ್ಕದಲ್ಲಿ ಕೂತುಕೊಳ್ಳಿ. ಅವನು ನೋಡಿದ್ದನ್ನೇ ಮೊದಲು ನೀವೂ ನೋಡಿ, ಹೆಸರು ಹೇಳಿ, ಆಮೇಲೆ ನಿಧಾನಕ್ಕೆ ಬೆರಳನ್ನು ಜನರ ಕಡೆ ತನ್ನಿ. "ಅಜ್ಜಿ ಓಡ್ತಿದ್ದಾಳೆ, ಗಾಬರಿ ಆಗಿದೆ" ಎಂದು ಮಾತಲ್ಲಿ ಬಿಡಿಸಿ ಹೇಳಿ. ಮದುವೆಗೆ ಹೊರಡುವ ಮುಂಚೆಯೇ ಫೋಟೋ ತೋರಿಸಿ, ಅಲ್ಲಿ ಏನೇನು ನಡೆಯುತ್ತದೆ ತಿಳಿಸಿ. ಶಾಲೆಯಲ್ಲೂ "ನನ್ನ ನೋಡು" ಅನ್ನೋದು ಬೇಡ, "ಕೇಳಿಸ್ತಾ?" ಅಂದರೆ ಸಾಕು. ಮಾತಿನ ತರಬೇತಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಪತ್ರ ಕೊಟ್ಟೆ.

ಹೊರಡುವಾಗ ತಾಯಿ ಕೇಳಿದರು: "ನನ್ನ ಕಣ್ಣನ್ನಾದ್ರೂ ನೋಡ್ತಾನಾ?"

ನಾನು ಸುಳ್ಳು ಭರವಸೆ ಕೊಡಲಿಲ್ಲ. ಬಾಗಿಲ ಬಳಿ ಹುಡುಗ ಅವರ ಬಳೆಗಳನ್ನು ಒಂದೊಂದಾಗಿ ಸರಿಸುತ್ತಾ ನಿಂತಿದ್ದ. ತಾಯಿ ಕೈ ಎಳೆದುಕೊಳ್ಳಲಿಲ್ಲ, ಅವನ ಜೊತೆ ತಾವೂ ಎಣಿಸತೊಡಗಿದರು.